ಹುಡುಕಿ ಬದಲಿಸಲಾಗದ ಚಿತ್ರ

ಕೆರೆಗಳ ಬಗ್ಗೆ ಒಂದು ಪುಸ್ತಕ. ಬರೆದವರು ನಿವೃತ್ತ ಎಂಜಿನಿಯರ್. ಪುಟ ಕಟ್ಟುವ ಕೆಲಸ ನನ್ನದು. ಎರಡನೇ ಕರಡು ತಿದ್ದಿ ಮುಗಿಯುವ ಹೊತ್ತಿಗೆ ಅವರ ಫೋನ್ ಬಂತು. "ಅಡಿ ಇರೋ ಕಡೆಯೆಲ್ಲ ಮೀಟರ್ ಮಾಡ್ಬಿಡಿ ಇವರೇ, ಈಗಿನ ಹುಡುಗರಿಗೆ ಅಡಿ ಅಂದ್ರೆ ತಲೆಗೆ ಹೋಗಲ್ಲ." ಕೂತು ಮಾಡಿದೆ. 'ಅಡಿ' ಎಂದು ಹುಡುಕಿದರೆ ಅಡಿಕೆ, ಅಡಿಪಾಯ, ಅಡಿಗಲ್ಲು ಎಲ್ಲವೂ ಎದ್ದು ಬರುತ್ತವೆ. 'ಹತ್ತಡಿ', 'ಮೂವತ್ತಡಿ' ಎಂದು ಸಂಧಿಯೊಳಗೆ ಅಡಗಿ ಕೂತವು ಮಾತ್ರ ಬರುವುದಿಲ್ಲ. ಅವನ್ನೂ ಹೆಕ್ಕಿ, ಒಂದೊಂದಕ್ಕೂ ಲೆಕ್ಕ ಹಾಕಿ ಬದಲಿಸಿದೆ. ಪುಸ್ತಕ ಅಚ್ಚಾಯಿತು. ತಿಂಗಳೊಪ್ಪತ್ತಿನಲ್ಲಿ ಓದುಗರೊಬ್ಬರ ಕಾರ್ಡು ಬಂತು: "ನಮ್ಮೂರ ಕೆರೆಯ ಆಳ ನಿಮ್ಮ 64ನೇ ಪುಟದ ಬರಹದಲ್ಲಿ ಐದೂವರೆ ಇದೆ. ಅದೇ ಪುಟದ ಚಿತ್ರದಲ್ಲಿ ಹದಿನೆಂಟು ಇದೆ. ಎಮ್ಮೆ ಇಳಿಸಬಹುದೋ ಬೇಡವೋ ತಿಳಿಸಿ."

ಆ ಪುಸ್ತಕದಲ್ಲಿ ಅಂಥ ನಕ್ಷೆಗಳು ಹನ್ನೊಂದಿದ್ದವು. ಲೇಖಕರ ಅಣ್ಣನ ಮಗ ಯಾವುದೋ ಲೆಕ್ಕದ ಹಾಳೆಯಲ್ಲಿ ಮಾಡಿ, ಚಿತ್ರವಾಗಿ ಉಳಿಸಿ, ಮೊಬೈಲಿನಲ್ಲಿ ಕಳಿಸಿದ್ದವು. ನಾನು ಅವನ್ನು ತಂದು ಪುಟದಲ್ಲಿ ಅಂಟಿಸಿದ್ದೆ. 'ಅಂಟಿಸು' ಎಂಬ ಮಾತನ್ನು ನಾವು ದಿನವಿಡೀ ಬಳಸುತ್ತೇವೆ, ಆದರೆ ಅದರ ಅರ್ಥ ನನಗೆ ಹೊಳೆದದ್ದು ಆ ಕಾರ್ಡು ಬಂದ ದಿನ. ಅಂಟಿಸಿದ್ದು ಪುಟದ ಮೇಲಿರುತ್ತದೆ, ಪುಟದೊಳಗಲ್ಲ. ಕಣ್ಣಿಗೆ 'ಅಡಿ' ಎಂದು ಕಾಣುವುದು ಕಂಪ್ಯೂಟರಿಗೆ ಕಪ್ಪು ಬಿಳಿ ಚುಕ್ಕೆಗಳ ಹಾಸು. ಹುಡುಕಿ ಬದಲಿಸುವ ಕೈ ಆ ಚೌಕಟ್ಟಿನ ಅಂಚಿಗೆ ಬಂದು ನಿಂತುಬಿಡುತ್ತದೆ.

ಅಂದಿನಿಂದ ನಾನು ಒಂದು ಪಕ್ಷ ಹಿಡಿದಿದ್ದೇನೆ. ಬರಹದ ವಾದದಲ್ಲಿ ಪಾಲಿರುವ ಚಿತ್ರ, ಎಂದರೆ ನಕ್ಷೆ, ರೇಖಾಗಣಿತದ ಆಕೃತಿ, ಯಂತ್ರದ ರೇಖಾಚಿತ್ರ, ಪಠ್ಯದ ಜೊತೆಯಲ್ಲೇ ಪಠ್ಯವಾಗಿ ಬರೆದಿರಬೇಕು. ಇಂಥ ಬಿಂದುವಿನಿಂದ ಇಂಥ ಬಿಂದುವಿಗೆ ಗೆರೆ, ಇಲ್ಲಿ ಈ ಹೆಸರು ಎಂದು ಮಾತಿನಲ್ಲಿ ಹೇಳಿಟ್ಟ ಸೂಚನೆಗಳಾಗಿ ಇರಬೇಕು. ಪುಟ ಕಟ್ಟುವ ಯಂತ್ರವೇ ಅದನ್ನು ಓದಿ ಗೆರೆ ಎಳೆಯಬೇಕು. ಪ್ರೋಗ್ರಾಮ್ ಬರೆದು ಚಿತ್ರ ಬಿಡಿಸುವುದು ಗಣಿತದವರ ಶೋಕಿ ಎಂದು ನಗುವವರಿದ್ದಾರೆ. ಅವರ ನಗುವಿನಲ್ಲೂ ಸ್ವಲ್ಪ ನಿಜವಿದೆ, ಅದಕ್ಕೆ ಆಮೇಲೆ ಬರುತ್ತೇನೆ. ನನ್ನ ಮಾತು ಪ್ರೋಗ್ರಾಮಿನ ಹೆಚ್ಚುಗಾರಿಕೆಯ ಬಗ್ಗೆ ಅಲ್ಲವೇ ಅಲ್ಲ. ಬರಹ ಮತ್ತು ಚಿತ್ರದ ನಡುವಿನ ಹೊಲಿಗೆಯ ಬಗ್ಗೆ.

ಈ ಹೊಲಿಗೆಯ ತಂಟೆ ಕಂಪ್ಯೂಟರಿಗಿಂತ ಬಹಳ ಹಳೆಯದು. ಮರದ ಅಚ್ಚಿನಲ್ಲಿ ಚಿತ್ರದ ಗೆರೆ ಉಬ್ಬಾಗಿರುತ್ತದೆ, ಸೀಸದ ಮೊಳೆಯಲ್ಲಿ ಅಕ್ಷರವೂ ಉಬ್ಬಾಗಿರುತ್ತದೆ. ಮರದ ತುಂಡನ್ನು ಮೊಳೆಯ ಎತ್ತರಕ್ಕೇ ಕೊಯ್ದರೆ ಎರಡನ್ನೂ ಒಂದೇ ಚೌಕಟ್ಟಿನಲ್ಲಿ ಬಿಗಿದು, ಒಂದೇ ಸಲ ಮಸಿ ಸವರಿ, ಒಂದೇ ಒತ್ತಿನಲ್ಲಿ ಅಚ್ಚು ಹಾಕಬಹುದು. ಇಂಗ್ಲೆಂಡಿನ ಥಾಮಸ್ ಬ್ಯೂಯಿಕ್ ತನ್ನ ಪ್ರಾಣಿಗಳ ಪುಸ್ತಕವನ್ನೂ (1790) ಹಕ್ಕಿಗಳ ಪುಸ್ತಕವನ್ನೂ (1797) ಮಾಡಿದ್ದು ಹೀಗೆಯೇ. ಹಕ್ಕಿಯ ವಿವರಣೆಯ ತಲೆಯ ಮೇಲೆ ಹಕ್ಕಿ ಕೂತಿರುತ್ತದೆ. ತಾಮ್ರದ ತಗಡಿನಲ್ಲಿ ಕೊರೆದ ಚಿತ್ರ ಇದಕ್ಕೆ ತದ್ವಿರುದ್ಧ. ಅಲ್ಲಿ ಗೆರೆ ತಗ್ಗಿನಲ್ಲಿದೆ, ಮಸಿಯೂ ತಗ್ಗಿನಲ್ಲಿ ನಿಲ್ಲುತ್ತದೆ, ಅದಕ್ಕೆ ಬೇರೆಯೇ ಯಂತ್ರ ಬೇಕು. ಗೆರೆ ಎಷ್ಟೋ ನವಿರು, ಆದರೆ ಅಕ್ಷರದ ಜೊತೆಗೆ ಒಂದೇ ಚೌಕಟ್ಟಿನಲ್ಲಿ ಕೂರುವುದಿಲ್ಲ. ಆದ್ದರಿಂದ ಚಿತ್ರಗಳೆಲ್ಲ ಪುಸ್ತಕದ ಕೊನೆಗೆ ಹೋದವು, ಇಲ್ಲವೇ ಬೇರೆ ಸಂಪುಟಕ್ಕೇ ಹೋದವು. ದಿದೆರೋನ ಫ್ರೆಂಚ್ ವಿಶ್ವಕೋಶದಲ್ಲಿ ಬರಹಕ್ಕೆ 17 ಸಂಪುಟ, ಚಿತ್ರಕ್ಕೆ ಪ್ರತ್ಯೇಕವಾಗಿ 11 ಸಂಪುಟ. ಗಡಿಯಾರದ ಹಲ್ಲುಗಾಲಿಯ ಬಗ್ಗೆ ಓದುವವನು ಒಂದು ಸಂಪುಟ ತೊಡೆಯ ಮೇಲಿಟ್ಟುಕೊಂಡು ಇನ್ನೊಂದನ್ನು ಕಪಾಟಿನಿಂದ ಇಳಿಸಬೇಕು. ನಾವು ಇಂದಿಗೂ 'ಚಿತ್ರ 7 ನೋಡಿ' ಎಂದು ಬರೆಯುತ್ತೇವಲ್ಲ, ಅದು ಆ ತಾಮ್ರದ ಕಾಲ ಬಿಟ್ಟುಹೋದ ಅಭ್ಯಾಸ ಎಂದು ನನ್ನ ಗುಮಾನಿ.

ಕಲ್ಲಚ್ಚು ಈ ಜಗಳವನ್ನು ಬೇರೆ ರೀತಿ ತೀರಿಸಿತ್ತು. ನುಣ್ಣನೆಯ ಕಲ್ಲಿನ ಮೇಲೆ ಜಿಡ್ಡಿನ ಮಸಿಯಲ್ಲಿ ಕೈಯಿಂದಲೇ ಬರೆಯುವುದು. ಆ ಕಲ್ಲಿಗೆ ಅಕ್ಷರ ಯಾವುದು, ಚಿತ್ರ ಯಾವುದು ಎಂಬ ಭೇದವೇ ಇಲ್ಲ. 1843ರಲ್ಲಿ ಹರ್ಮನ್ ಮೋಗ್ಲಿಂಗ್ ಹೊರಡಿಸಿದ 'ಮಂಗಳೂರ ಸಮಾಚಾರ' ಕಲ್ಲಚ್ಚಿನಲ್ಲಿಯೇ ಬಂದದ್ದು. ಕನ್ನಡದ ಗುಣಿತ, ಒತ್ತುಗಳಿಗೆಲ್ಲ ಬೇರೆ ಬೇರೆ ಮೊಳೆ ಎರಕ ಹೊಯ್ಯುವ ಕಷ್ಟವನ್ನು ಕಲ್ಲು ಒಂದೇ ಏಟಿಗೆ ತಪ್ಪಿಸಿತ್ತು. ನಮ್ಮ ಅಕ್ಷರವೇ ಅರ್ಧ ಚಿತ್ರವಾದ್ದರಿಂದ ಆ ಮೊದಲ ಪತ್ರಿಕೆಗೆ ಹೊಲಿಗೆ ಬೇಕಾಗಿರಲಿಲ್ಲ. ಮೊಳೆ ಗೆದ್ದ ಮೇಲೆ ಚಿತ್ರ ಮತ್ತೆ ಹೊರಗಿನದಾಯಿತು. ಬ್ಲಾಕ್ ಮಾಡಿಸಬೇಕು, ಬ್ಲಾಕಿಗೆ ಬೇರೆ ದುಡ್ಡು, ಒಂದು ಪತ್ರಿಕೆ ಇನ್ನೊಂದರಿಂದ ಬ್ಲಾಕ್ ಎರವಲು ತರುವುದು. ಹಳೆಯ ಕಂಪೋಸಿಟರುಗಳನ್ನು ಮಾತಿಗೆ ಎಳೆದರೆ ಈ ಕತೆ ತಾನಾಗಿ ಬರುತ್ತದೆ.

ಈಗ ಕಂಪ್ಯೂಟರಿಗೆ ಬರೋಣ. 1977ರಲ್ಲಿ ಕಂಪ್ಯೂಟರ್ ವಿಜ್ಞಾನಿ ಡೊನಾಲ್ಡ್ ಕ್ನೂತ್ ತಮ್ಮ ಪುಸ್ತಕದ ಎರಡನೇ ಸಂಪುಟದ ಹೊಸ ಆವೃತ್ತಿಯ ಕರಡು ನೋಡಿದರು. ಹಿಂದಿನ ಆವೃತ್ತಿ ಸೀಸದ ಮೊಳೆಯದು, ಇದು ಫೋಟೊ ಮೂಲಕ ಜೋಡಿಸಿದ್ದು. ಅಕ್ಷರಗಳು ಅವರಿಗೆ ಹಿಡಿಸಲಿಲ್ಲ. ಪುಟ ಕಟ್ಟುವ ಪ್ರೋಗ್ರಾಮನ್ನು ತಾವೇ ಬರೆಯಲು ಕೂತರು. ಬೇಗ ಮುಗಿಯುತ್ತದೆ ಎಂದುಕೊಂಡ ಕೆಲಸ ಹತ್ತು ವರ್ಷದಷ್ಟು ಹಿಡಿಯಿತು. ಅದರ ಫಲ ಟೆಕ್. ಟೆಕ್‌ನ ದೃಷ್ಟಿಯಲ್ಲಿ ಪುಟವೆಂದರೆ ಪೆಟ್ಟಿಗೆಗಳು ಮತ್ತು ಅವುಗಳ ನಡುವೆ ಹಿಗ್ಗಿ ಕುಗ್ಗುವ ಅಂಟು. ಒಂದು ಅಕ್ಷರ ಒಂದು ಪೆಟ್ಟಿಗೆ. ಟೆಕ್‌ಗೆ ಬೇಕಾದದ್ದು ಮೂರು ಅಳತೆ: ಅಗಲ, ಗೆರೆಯಿಂದ ಮೇಲಿನ ಎತ್ತರ, ಗೆರೆಯಿಂದ ಕೆಳಗಿನ ಆಳ. ಪೆಟ್ಟಿಗೆಯ ಒಳಗೇನಿದೆ ಎಂದು ಅದು ಇಣುಕುವುದಿಲ್ಲ. 'ಕ್ಷ' ಇದ್ದರೂ ಸರಿ, ಆನೆಯ ಚಿತ್ರ ಇದ್ದರೂ ಸರಿ.

ಈ ಇಣುಕದಿರುವುದೇ ದೊಡ್ಡ ಗುಣ. ಚಿತ್ರ ಬಿಡಿಸುವ ಕೆಲಸವನ್ನು ಕ್ನೂತ್ ಟೆಕ್‌ಗೆ ಕೊಡಲಿಲ್ಲ. ಬದಲಿಗೆ 'ಸ್ಪೆಷಲ್' ಎಂಬ ಒಂದು ಕಿಂಡಿ ಬಿಟ್ಟರು. ಆ ಕಿಂಡಿಯಲ್ಲಿ ಏನು ಬರೆದು ಹಾಕಿದರೂ ಟೆಕ್ ಅದನ್ನು ಓದದೆ, ಲಕೋಟೆ ಒಡೆಯದ ಅಂಚೆಯವನಂತೆ, ಮುಂದಿನ ಪ್ರೋಗ್ರಾಮಿಗೆ ದಾಟಿಸುತ್ತದೆ. ಆ ಕಾಲದಲ್ಲಿ ಒಂದೊಂದು ಪ್ರಿಂಟರಿನದು ಒಂದೊಂದು ಭಾಷೆ. ಯಾವುದೋ ಒಂದರ ಚಿತ್ರಭಾಷೆಯನ್ನು ಟೆಕ್‌ನ ಹೊಟ್ಟೆಯೊಳಗೇ ಇಟ್ಟಿದ್ದರೆ ಆ ಪ್ರಿಂಟರಿನ ಜೊತೆ ಟೆಕ್ ಕೂಡ ಗುಜರಿಗೆ ಹೋಗುತ್ತಿತ್ತು. ಅಡೋಬಿಯ ಪೋಸ್ಟ್‌ಸ್ಕ್ರಿಪ್ಟ್ 1984ರಲ್ಲಿ ಬಂತು, ಆಮೇಲೆ ಪಿಡಿಎಫ್ ಬಂತು, ಟೆಕ್ ಅಲುಗಾಡಲಿಲ್ಲ. ಕಿಂಡಿಯ ಆಚೆ ಕೂತವರು ಬದಲಾದರು, ಅಷ್ಟೇ.

ಇಲ್ಲೊಂದು ತಮಾಷೆ ಇದೆ. ಟೆಕ್‌ಗೆ ಚಿತ್ರ ಬರುವುದಿಲ್ಲ ಎಂದ ಅದೇ ಮನುಷ್ಯ, ಅದೇ ವರ್ಷಗಳಲ್ಲಿ, ಚಿತ್ರ ಬಿಡಿಸುವ ಅದ್ಭುತ ಭಾಷೆಯೊಂದನ್ನು ಮಾಡಿದರು. ಅದೇ ಮೆಟಾಫಾಂಟ್. ಆದರೆ ಅದು ಬಿಡಿಸುತ್ತಿದ್ದುದು ಅಕ್ಷರಗಳನ್ನು ಮಾತ್ರ, ಅದೂ ಚುಕ್ಕೆಗಳಾಗಿ. ಅವರ ಶಿಷ್ಯ ಜಾನ್ ಹಾಬಿ ಬೆಲ್ ಲ್ಯಾಬ್ಸ್‌ನಲ್ಲಿದ್ದಾಗ ಮೆಟಾಫಾಂಟಿನ ಭಾಷೆಯನ್ನೇ ತೆಗೆದುಕೊಂಡು, ಚುಕ್ಕೆಯ ಬದಲು ಪೋಸ್ಟ್‌ಸ್ಕ್ರಿಪ್ಟ್ ಗೆರೆ ಹೊರಡಿಸುವಂತೆ ಮಾಡಿದರು. ಅದರ ಹೆಸರು ಮೆಟಾಪೋಸ್ಟ್. ಅಕ್ಷರ ಕೊರೆಯುವ ಉಳಿಯನ್ನೇ ಚಿತ್ರಕ್ಕೂ ಹಿಡಿದಂತಾಯಿತು.

ಮೆಟಾಪೋಸ್ಟಿನಲ್ಲಿ ಚಿತ್ರ ಹೇಗಿರುತ್ತದೆ ಎಂದು ಒಂದೆರಡು ಸಾಲಿನಲ್ಲಿ ತೋರಿಸದೆ ಮುಂದೆ ಹೋದರೆ ನನ್ನ ವಾದ ಬರೀ ಮಾತಾಗುತ್ತದೆ. ಅಬಕ ಒಂದು ತ್ರಿಭುಜ ಎನ್ನಿ. ಬ, ಕ ಬಿಂದುಗಳ ನಡುಬಿಂದು ಬೇಕು. ಅದನ್ನು ಹೀಗೆ ಬರೆಯುತ್ತಾರೆ:

ಮ = .5[ಬ,ಕ]

ಬ-ದಿಂದ ಕ-ಗೆ ಹೋಗುವ ದಾರಿಯಲ್ಲಿ ಅರ್ಧ. ಮೂರನೇ ಒಂದು ಭಾಗ ಬೇಕಿದ್ದರೆ 1/3 ಎಂದು ಬರೆದರಾಯಿತು. ಹಾಗೆಯೇ ಕ, ಅ ಬಿಂದುಗಳ ನಡುವೆ ನ. ಈಗ ಅಮ, ಬನ ಎಂಬ ಎರಡು ಗೆರೆಗಳು ಎಲ್ಲಿ ಕೂಡುತ್ತವೆ? ನಾನು ಲೆಕ್ಕ ಮಾಡಬೇಕಿಲ್ಲ. ಹೀಗೆ ಹೇಳಿದರೆ ಸಾಕು:

ಗ = ವಾಟೆವರ್[ಅ,ಮ] = ವಾಟೆವರ್[ಬ,ನ]

'ವಾಟೆವರ್' ಎಂದರೆ 'ಎಷ್ಟಾದರೂ ಇರಲಿ'. ಗ ಎಂಬುದು ಅಮ ಗೆರೆಯ ಮೇಲೆ ಎಲ್ಲೋ ಇದೆ, ಬನ ಗೆರೆಯ ಮೇಲೂ ಎಲ್ಲೋ ಇದೆ, ಎಲ್ಲಿ ಎಂದು ನೀನೇ ನೋಡಿಕೊ ಎಂದು ಹೇಳಿದಂತೆ. ಸಮೀಕರಣ ಬಿಡಿಸುವುದು ಯಂತ್ರದ ಪಾಲು. ಮನೆಗೆಲಸ ತಪ್ಪಿಸಿಕೊಳ್ಳುವ ಹುಡುಗನ ಉತ್ತರದಂತೆ ಕೇಳಿಸುವ ಈ ಪದ ಎಷ್ಟು ಆಳದ್ದು ಎಂದು ನನಗೆ ಈಗಲೂ ಬೆರಗು. ಯಾಕೆಂದರೆ ಈ ಎರಡು ಸಾಲಿನಲ್ಲಿ ಇರುವುದು ಚಿತ್ರವಲ್ಲ, ಚಿತ್ರದ ಕಾರಣ. ನಾಳೆ ಅ-ವನ್ನು ಎರಡು ಅಂಗುಲ ಎಡಕ್ಕೆ ಸರಿಸಿದರೆ ಮಿಕ್ಕದ್ದೆಲ್ಲ ತಾನೇ ಸರಿಯುತ್ತದೆ, ಗ ಮತ್ತೆ ಸರಿಯಾದ ಜಾಗದಲ್ಲೇ ಬಂದು ಕೂರುತ್ತದೆ. ಕಣ್ಣಳತೆಯಲ್ಲಿ ಇಲಿ ಎಳೆದು ಬಿಡಿಸಿದ ಚಿತ್ರದಲ್ಲಿ ಗೆರೆಗಳು 'ಕೂಡಿದಂತೆ ಕಾಣುತ್ತವೆ'. ಇಲ್ಲಿ ಕೂಡಲೇಬೇಕಾದ್ದರಿಂದ ಕೂಡುತ್ತವೆ. ಗಣಿತ ಕಲಿಸುವ ಪುಸ್ತಕಕ್ಕೆ ಈ ಎರಡರ ಅಂತರ ಸಣ್ಣದಲ್ಲ.

ಬೆಲ್ ಲ್ಯಾಬ್ಸ್‌ನವರಿಗೆ ಈ ಬಗೆಯ ಯೋಚನೆ ಹೊಸದೂ ಆಗಿರಲಿಲ್ಲ. ಟೆಕ್‌ಗೂ ಮೊದಲಿನ ಅವರ ಟ್ರಾಫ್ ಎಂಬ ಪುಟ ಕಟ್ಟುವ ಪ್ರೋಗ್ರಾಮಿಗೆ ಬ್ರಯಾನ್ ಕರ್ನಿಗನ್ 1980ರ ದಶಕದ ಆರಂಭದಲ್ಲಿ 'ಪಿಕ್' ಎಂಬ ಚಿತ್ರದ ಭಾಷೆ ಬರೆದಿದ್ದರು. ಚೌಕ, ಬಾಣ, ಚೌಕ ಎಂದು ಬರೆದರೆ ಎರಡು ಚೌಕ ನಡುವೆ ಒಂದು ಬಾಣ. ಕಡತ ಮೊದಲು ಪಿಕ್‌ನ ಕೈಯಿಂದ, ಆಮೇಲೆ ಕೋಷ್ಟಕದವನ ಕೈಯಿಂದ, ಸಮೀಕರಣದವನ ಕೈಯಿಂದ, ಕೊನೆಗೆ ಟ್ರಾಫ್‌ನ ಕೈಗೆ. ಮದುವೆ ಮನೆಯ ಪಂಕ್ತಿಯಲ್ಲಿ ಉಪ್ಪಿನವನು, ಕೋಸಂಬರಿಯವನು, ಅನ್ನದವನು ಒಬ್ಬರ ಹಿಂದೊಬ್ಬರು ಬರುವ ಹಾಗೆ.

ಟೆಕ್ ಬಳಗದವರು ಹೊರಗಿನ ಕೈಗೆ ಕೊಡದೆ ಒಳಗೇ ಬಿಡಿಸಲು ಪಟ್ಟ ಪಾಡು ಬೇರೆ. ಲೆಸ್ಲಿ ಲ್ಯಾಂಪೋರ್ಟ್ ಟೆಕ್ ಮೇಲೆ ಕಟ್ಟಿದ ಲೇಟೆಕ್‌ನಲ್ಲಿ ಚಿತ್ರಕ್ಕೆಂದು ಒಂದು ಸೌಲಭ್ಯವಿತ್ತು. ಆದರೆ ಅಲ್ಲಿ ಗೆರೆಗಳೂ ಅಕ್ಷರಗಳೇ! ಗೆರೆಯ ತುಣುಕುಗಳನ್ನು ಫಾಂಟಿನಲ್ಲಿ ಮೊಳೆಗಳಂತೆ ತುಂಬಿಟ್ಟು ಒಂದರ ಪಕ್ಕ ಒಂದು ಜೋಡಿಸುವುದು. ಹಾಗಾಗಿ ಗೆರೆಯ ಓರೆ ಆರರೊಳಗಿನ ಅಂಕಿಗಳ ಅನುಪಾತದಲ್ಲೇ ಇರಬೇಕು, ಬಾಣವಾದರೆ ನಾಲ್ಕರೊಳಗೆ. ವೃತ್ತದ ವ್ಯಾಸ 40 ಪಾಯಿಂಟ್ ದಾಟುವಂತಿಲ್ಲ. ಅಂದರೆ ಒಂದು ರೂಪಾಯಿ ನಾಣ್ಯಕ್ಕಿಂತ ಚಿಕ್ಕದು. ಅಷ್ಟರಲ್ಲೇ ಎಷ್ಟೋ ಜನ ಪ್ರಬಂಧ ಬರೆದು ಡಾಕ್ಟರೇಟ್ ಪಡೆದರು. ಬಳಿಕ ತಿಮೊಥಿ ವಾನ್ ಝಾಂಟ್ ಅವರ ಪಿಎಸ್‌ಟ್ರಿಕ್ಸ್ ಬಂತು. ಕ್ನೂತ್ ಬಿಟ್ಟ ಕಿಂಡಿಯಿಂದ ನೇರವಾಗಿ ಪೋಸ್ಟ್‌ಸ್ಕ್ರಿಪ್ಟ್ ದಾಟಿಸಿ, ಲೆಕ್ಕವನ್ನೂ ಆ ಕಡೆಗೇ ಮಾಡಿಸಿತು. ಸೊಗಸಾದ ಯುಕ್ತಿ. ಆದರೆ ಹಾನ್ ಥೆ ಥಾನ್ ಅವರ ಪಿಡಿಎಫ್‌ಟೆಕ್ ಬಂದು ಟೆಕ್ ನೇರವಾಗಿ ಪಿಡಿಎಫ್ ಬರೆಯತೊಡಗಿದಾಗ ಆ ಕಡೆ ಲೆಕ್ಕ ಮಾಡಲು ಯಾರೂ ಇರಲಿಲ್ಲ. ಪಿಎಸ್‌ಟ್ರಿಕ್ಸ್ ಅಲ್ಲಿ ಮೂಕವಾಯಿತು.

ಈಗ ಹೆಚ್ಚಿನವರ ಕೈಯಲ್ಲಿರುವುದು ಟಿಕ್‌ಝಡ್. ಜರ್ಮನಿಯ ಟಿಲ್ ಟಾಂಟಾವ್ ತಮ್ಮ ಡಾಕ್ಟರೇಟ್ ಪ್ರಬಂಧದ ಚಿತ್ರಗಳಿಗಾಗಿ ಶುರುಮಾಡಿದ್ದು ಬೆಳೆದು ಹೀಗಾಯಿತು. ಹೆಸರೇ ಒಂದು ಚೇಷ್ಟೆ. ಜರ್ಮನ್ ಭಾಷೆಯಲ್ಲಿ ಅದನ್ನು ಬಿಡಿಸಿದರೆ 'ಟಿಕ್‌ಝಡ್ ಚಿತ್ರ ಬಿಡಿಸುವ ಪ್ರೋಗ್ರಾಮಲ್ಲ' ಎಂದಾಗುತ್ತದೆ. ಅದರ ಕೈಪಿಡಿ ಸಾವಿರ ಪುಟ ದಾಟಿದೆ. ಒಂದೇ ಮೂಲದಿಂದ ಪೋಸ್ಟ್‌ಸ್ಕ್ರಿಪ್ಟ್, ಪಿಡಿಎಫ್, ಎಸ್‌ವಿಜಿ ಯಾವುದಕ್ಕೆ ಬೇಕಾದರೂ ಗೆರೆ ಹೊರಡಿಸುವಂತೆ ಕಟ್ಟಿರುವುದರಿಂದ ಪಿಎಸ್‌ಟ್ರಿಕ್ಸ್‌ಗೆ ಬಂದ ಗತಿ ಇದಕ್ಕೆ ಬರಲಿಲ್ಲ. ಆದರೆ ಲೆಕ್ಕವೆಲ್ಲ ಟೆಕ್‌ನ ತಲೆಯಲ್ಲೇ ಆಗಬೇಕು, ಟೆಕ್‌ನ ತಲೆ ಪುಟ ಅಳೆಯಲು ಮಾಡಿದ್ದು. ಅದಕ್ಕೆ ಗೊತ್ತಿರುವ ಅತಿ ದೊಡ್ಡ ಉದ್ದ 16384 ಪಾಯಿಂಟಿಗೆ ಕೂದಲೆಳೆ ಕಡಿಮೆ, ಐದೂಮುಕ್ಕಾಲು ಮೀಟರ್. ಪುಟಕ್ಕೆ ಧಾರಾಳವಾಯಿತು. ಆದರೆ ಪೈಥಾಗೊರಸನ ಸೂತ್ರದಲ್ಲಿ 150ನ್ನು ಅದರಿಂದಲೇ ಗುಣಿಸಿದರೆ 22500, ಮಿತಿ ಅಲ್ಲೇ ಮುರಿಯಿತು. 'ಅಳತೆ ಮೀರಿತು' ಎಂದು ಯಂತ್ರ ಕೂಗುತ್ತದೆ. ಅಂಗೈಯಗಲದ ತ್ರಿಭುಜ ಬರೆಯಲು ಹೋಗಿ ಈ ಕೂಗು ಕೇಳಿಸಿಕೊಂಡವನು ಪುಟಕ್ಕೆ ಸರಿಹೊಂದುವ ತಲೆಯೂ ಚಿತ್ರಕ್ಕೆ ಸರಿಹೊಂದುವ ತಲೆಯೂ ಬೇರೆ ಬೇರೆ ಎಂಬ ಕ್ನೂತರ ನಿಲುವನ್ನು ಮತ್ತೊಮ್ಮೆ ಯೋಚಿಸುತ್ತಾನೆ.

ಇಷ್ಟೆಲ್ಲ ಕಷ್ಟ ಏಕೆ, ಹೊರಗಿನ ಒಳ್ಳೆಯ ಸಾಧನದಲ್ಲಿ ನಕ್ಷೆ ಮಾಡಿ ಪಿಡಿಎಫ್ ಆಗಿ ತಂದು ಇಟ್ಟರೆ ಸಾಲದೆ ಎಂದು ಕೇಳಬಹುದು. ಇಂಗ್ಲಿಷಿನವರಿಗೆ ಬಹುಮಟ್ಟಿಗೆ ಸಾಕು. ಕನ್ನಡದವರಿಗೆ ಸಾಲದು. ಇದು ನನ್ನ ವಾದದ ಮುಖ್ಯ ಕೊಂಡಿ, ಆದ್ದರಿಂದ ಸ್ವಲ್ಪ ನಿಲ್ಲುತ್ತೇನೆ.

ಇಂಗ್ಲಿಷ್ ಅಕ್ಷರಗಳನ್ನು ಒಂದರ ಪಕ್ಕ ಒಂದಿಟ್ಟರೆ ಪದ. ಕನ್ನಡದಲ್ಲಿ ಹಾಗಲ್ಲ. 'ಕ್ಷೇತ್ರ' ಎಂಬ ಪದದ ಯೂನಿಕೋಡ್ ಬಿಡಿಸಿದರೆ ಕ, ಹಲಂತ, ಷ, ಏತ್ವದ ಚಿಹ್ನೆ, ತ, ಹಲಂತ, ರ. ಇವನ್ನು ಸಾಲಾಗಿ ಇಟ್ಟರೆ ಪದವಾಗುವುದಿಲ್ಲ. ಕ ಮತ್ತು ಷ ಕೂಡಿ ಒಂದಾಗಬೇಕು, ಏತ್ವ ಹೋಗಿ ತಲೆಗೆ ಹತ್ತಬೇಕು, ರ-ದ ಒತ್ತು ತ-ದ ಬುಡಕ್ಕೆ ಇಳಿಯಬೇಕು. ಈ ಜೋಡಣೆ ಮಾಡಲು ಪ್ರತ್ಯೇಕ ಯಂತ್ರವೇ ಬೇಕು. ಈಗ ಹೆಚ್ಚು ಬಳಕೆಯಲ್ಲಿರುವುದು ಹಾರ್ಫ್‌ಬಝ್. ಜೊನಾಥನ್ ಕ್ಯೂ 2004ರಲ್ಲಿ ಹೊರತಂದ, ಟೆಕ್‌ನ ಹೊಸ ರೂಪವಾದ ಝೀಟೆಕ್ ಇಂದು ಅದನ್ನೇ ಬಳಸುತ್ತದೆ, ಲುವಾಟೆಕ್‌ನ ಒಂದು ರೂಪದಲ್ಲೂ ಅದು ಸೇರಿದೆ. ಪುಟದ ಬರಹಕ್ಕೆ ಹೀಗೆ ವ್ಯವಸ್ಥೆ ಆಯಿತು. ನಕ್ಷೆ ಬಿಡಿಸುವ ಸಾಧನಗಳಲ್ಲಿ ಎಷ್ಟೋ, ಬಹು ಪ್ರಸಿದ್ಧವಾದವು ಕೂಡ, ಇಂಥ ಯಂತ್ರವಿಲ್ಲದೆ ಬಹುಕಾಲ ನಡೆದವು. ಅವುಗಳಲ್ಲಿ ಅಕ್ಷದ ಕೆಳಗೆ 'ವಿಸ್ತೀರ್ಣ' ಎಂದು ಬರೆಸಿದರೆ ಸ-ದ ಕೆಳಗೆ ಇರಬೇಕಾದ ತ-ಒತ್ತು ಪಕ್ಕಕ್ಕೆ ಬಂದು ಪೂರ್ತಿ ತ ಆಗಿ ನಿಲ್ಲುತ್ತದೆ, ಅರ್ಕಾವೊತ್ತು ಎಲ್ಲಿಗೋ ಹೋಗುತ್ತದೆ. ಇನ್ನು ಹಳೆಯ ಫಾಂಟುಗಳ ಕತೆ ಕೇಳಬೇಡಿ. ಇಂಗ್ಲಿಷ್ ಸಂಕೇತಗಳ ಜಾಗದಲ್ಲಿ ಕನ್ನಡದ ಆಕಾರಗಳನ್ನು ಕೂರಿಸಿದ ಆ ಫಾಂಟುಗಳಲ್ಲಿ ಮಾಡಿದ ನಕ್ಷೆ ಪ್ರೆಸ್ಸಿನ ಕಂಪ್ಯೂಟರಿನಲ್ಲಿ ಆ ಫಾಂಟು ಇಲ್ಲದಿದ್ದರೆ ತಲೆಯ ಮೇಲೆ ಟೋಪಿ, ಗೀರು, ಚುಕ್ಕಿ ಹೊತ್ತ ಇಂಗ್ಲಿಷ್ ಎ-ಗಳ ಮೆರವಣಿಗೆಯಾಗುತ್ತದೆ.

ಇದಕ್ಕೆ ಹೆದರಿಯೇ ನಮ್ಮ ಎಷ್ಟೋ ವಿಜ್ಞಾನ ಬರಹಗಳಲ್ಲಿ ಬರಹ ಕನ್ನಡ, ಚಿತ್ರ ಇಂಗ್ಲಿಷ್. ಪಠ್ಯದಲ್ಲಿ 'ಹೃತ್ಕುಕ್ಷಿ' ಎಂದು ಓದಿದ ಹುಡುಗಿ ಚಿತ್ರದಲ್ಲಿ ಆ ಪದ ಹುಡುಕುತ್ತಾಳೆ. ಅಲ್ಲಿ ಇನ್ನೇನೋ ಇದೆ. ಎರಡು ಭಾಷೆ ಗೊತ್ತಿದ್ದವರಿಗೆ ಮಾತ್ರ ಅರ್ಥವಾಗುವ ಕನ್ನಡ ಪುಸ್ತಕ ಅದು. ದೋಷವನ್ನು ಅನುವಾದಕರ ತಲೆಗೆ ಕಟ್ಟುವುದು ಸುಲಭ, ಆದರೆ ಅರ್ಧ ದೋಷ ಹೊಲಿಗೆಯದು.

ಪುಟದೊಳಗೇ ಬರೆದ ಚಿತ್ರಕ್ಕೆ ಈ ತೊಂದರೆ ಇಲ್ಲ. ಟಿಕ್‌ಝಡ್‌ನಲ್ಲಿ ಗೆರೆಯ ಪಕ್ಕದ ಹೆಸರು ಇನ್ನೊಂದು ಪೆಟ್ಟಿಗೆ ಅಷ್ಟೇ. ಅದನ್ನು ಜೋಡಿಸುವುದು ಪಕ್ಕದ ಪ್ಯಾರಾವನ್ನು ಜೋಡಿಸಿದ ಅದೇ ಯಂತ್ರ. ಪ್ಯಾರಾದಲ್ಲಿ 'ವಿಸ್ತೀರ್ಣ' ಸರಿಯಾಗಿ ಬಂದರೆ ಚಿತ್ರದಲ್ಲೂ ಸರಿಯಾಗಿ ಬಂದೇ ಬರುತ್ತದೆ. ಮೆಟಾಪೋಸ್ಟ್ ಕೂಡ ಹೆಸರುಗಳನ್ನು ತಾನು ಬರೆಯುವುದಿಲ್ಲ, ಟೆಕ್‌ಗೆ ಕೊಟ್ಟು ಬರೆಸಿಕೊಳ್ಳುತ್ತದೆ. ಲುವಾಟೆಕ್ ಬಂದ ಮೇಲೆ ಮೆಟಾಪೋಸ್ಟ್ ಅದರ ಒಳಗೇ ಒಂದು ಕೋಣೆ ಹಿಡಿದು ಕೂತಿರುವುದರಿಂದ ಈ ಕೊಡುಕೊಳ್ಳುವಿಕೆ ಬಾಗಿಲಾಚೆ ಹೋಗುವುದೂ ಬೇಡ. ನನ್ನನ್ನು ಕೇಳಿದರೆ ಇವುಗಳಲ್ಲಿ ಇದೇ ಹೆಚ್ಚು ಹದವಾದ ವ್ಯವಸ್ಥೆ. ಲೆಕ್ಕ ಗೊತ್ತಿರುವವನು ಲೆಕ್ಕ ಮಾಡುತ್ತಾನೆ, ಅಕ್ಷರ ಗೊತ್ತಿರುವವನು ಅಕ್ಷರ ಜೋಡಿಸುತ್ತಾನೆ, ಇಬ್ಬರೂ ಒಂದೇ ಸೂರಿನಡಿ ಇದ್ದಾರೆ. ನೆದರ್‌ಲೆಂಡ್ಸ್‌ನ ಹಾನ್ಸ್ ಹಾಗೆನ್ ಕಟ್ಟಿದ ಕಾಂಟೆಕ್ಸ್ಟ್ ಈ ದಾರಿಯಲ್ಲಿ ಬಹಳ ಮುಂದೆ ಹೋಗಿದೆ. ಅಲ್ಲಿ ಪುಟದ ಅಂಚಿನ ಅಲಂಕಾರ ಕೂಡ ಆ ಪುಟದ ಅಳತೆ ಕೇಳಿಕೊಂಡು ಮೆಟಾಪೋಸ್ಟ್ ಬಿಡಿಸುತ್ತದೆ.

ಈ 'ಕೇಳಿಕೊಂಡು' ಎಂಬುದರ ಮೇಲೆ ನಿಂತಿದೆ ನನ್ನ ಪಕ್ಷ. ಚಿತ್ರ ಪುಟವನ್ನು ಕೇಳಬೇಕು: ನಿನ್ನ ಅಂಕಣದ ಅಗಲ ಎಷ್ಟು, ನಿನ್ನ ಅಕ್ಷರದ ಗಾತ್ರ ಎಷ್ಟು, ಗೆರೆಯ ದಪ್ಪ ಎಷ್ಟಿದ್ದರೆ ನಿನ್ನ ಅಕ್ಷರಕ್ಕೆ ಒಪ್ಪುತ್ತದೆ? ಪುಟ ಚಿತ್ರವನ್ನು ಕೇಳಬೇಕು: ನಿನ್ನ ಎತ್ತರ, ಆಳ ಎಷ್ಟು? ಎಲ್ಲಕ್ಕಿಂತ ಮಿಗಿಲಾಗಿ, ಇಬ್ಬರೂ ಒಂದೇ ಜಾಗದಿಂದ ಅಂಕಿ ತೆಗೆದುಕೊಳ್ಳಬೇಕು. ಕೆರೆಯ ಆಳವನ್ನು ಒಂದು ಹೆಸರಿನಲ್ಲಿ ಒಮ್ಮೆ ಬರೆದಿಟ್ಟು, ವಾಕ್ಯವೂ ಅಲ್ಲಿಂದಲೇ ಓದಿ, ನಕ್ಷೆಯೂ ಅಲ್ಲಿಂದಲೇ ಓದಿದ್ದರೆ ಆ ಕಾರ್ಡು ಬರುತ್ತಿರಲಿಲ್ಲ. ಮಳೆಯ ಅಂಕಿಗಳ ಕಡತವೊಂದನ್ನು ಪಕ್ಕದಲ್ಲಿಟ್ಟು ಅದರಿಂದ ನಕ್ಷೆ ಎಳೆಯುವ ವ್ಯವಸ್ಥೆ ಟಿಕ್‌ಝಡ್ ಮೇಲೆ ಕಟ್ಟಿದ ಪಿಜಿಎಫ್‌ಪ್ಲಾಟ್ಸ್‌ನಲ್ಲಿ ಸಿದ್ಧವಾಗಿದೆ. ಕಡತದಲ್ಲಿ ಒಂದು ಅಂಕಿ ತಿದ್ದಿದರೆ ಕಂಬದ ಎತ್ತರ ತಾನೇ ತಿದ್ದಿಕೊಳ್ಳುತ್ತದೆ.

ಈಗ ನಗುವವರ ಪಾಲಿನ ನಿಜಕ್ಕೆ ಬರುತ್ತೇನೆ. ಹೀಗೆ ಚಿತ್ರ ಬರೆಯುವುದು ಕಣ್ಣು ಕಟ್ಟಿಕೊಂಡು ಬಿಡಿಸಿದ ಹಾಗೆ. ಬರೆ, ಓಡಿಸು, ನೋಡು, ಹೆಸರು ಗೆರೆಯ ಮೇಲೆ ಹತ್ತಿ ಕೂತಿದೆ, ಎರಡು ಪಾಯಿಂಟ್ ಸರಿಸು, ಮತ್ತೆ ಓಡಿಸು. ಇಲಿಯಲ್ಲಿ ಎಳೆದರೆ ಎರಡು ಕ್ಷಣದ ಕೆಲಸಕ್ಕೆ ಅರ್ಧ ಗಂಟೆ. ಚಿತ್ರಗಳು ಹೆಚ್ಚಾದಂತೆ ಪುಸ್ತಕ ಓಡುವುದೂ ನಿಧಾನವಾಗುತ್ತದೆ, ಒಂದು ಅಲ್ಪವಿರಾಮ ತಿದ್ದಿ ಕಾಫಿ ಕುಡಿದು ಬರಬಹುದು. ಬರ್ಲಿನ್‌ನಲ್ಲಿ ಹುಟ್ಟಿ 2023ರಲ್ಲಿ ಎಲ್ಲರಿಗೂ ತೆರೆದುಕೊಂಡ ಟೈಪ್ಸ್ಟ್‌ನಂಥ ಹೊಸ ವ್ಯವಸ್ಥೆಗಳು ಬದಲಾದಷ್ಟನ್ನೇ ಮತ್ತೆ ಕಟ್ಟಿ ಈ ಕಾಯುವಿಕೆಯನ್ನು ಬಹಳ ಇಳಿಸಿವೆ; ಆದರೂ ಕಣ್ಣಿನ ಪಟ್ಟಿ ಪೂರ್ತಿ ಬಿಚ್ಚಿಲ್ಲ. ಇದಕ್ಕಿಂತ ಗಂಭೀರವಾದ ಆಕ್ಷೇಪ ಇನ್ನೊಂದಿದೆ. ಕೆಲವು ವ್ಯವಸ್ಥೆಗಳು ಚಿತ್ರಕ್ಕಾಗಿ ಹೊರಗಿನ ಪ್ರೋಗ್ರಾಮನ್ನು ಕರೆಯುತ್ತವೆ, ಅದಕ್ಕೆ ನಾವು ಅನುಮತಿ ಕೊಡಬೇಕು. ಅಂದರೆ ಯಾರೋ ಕಳಿಸಿದ ಬರಹದ ಕಡತ ನಮ್ಮ ಕಂಪ್ಯೂಟರಿನಲ್ಲಿ ತನಗೆ ಬೇಕಾದ್ದನ್ನು ಓಡಿಸಬಹುದು. ಬರಹವೆಂದರೆ ನಿರುಪದ್ರವಿ ಎಂಬ ನಂಬಿಕೆಗೆ ಅಲ್ಲಿ ಕುತ್ತು ಬರುತ್ತದೆ. ಕ್ನೂತ್ ಬಿಟ್ಟದ್ದು ಕಿಂಡಿ. ಅದನ್ನು ಬಾಗಿಲು ಮಾಡಿಕೊಂಡವರು ನಾವು.

ಇನ್ನೊಂದು ದೋಷ ಸೂಕ್ಷ್ಮವಾದದ್ದು, ಅದನ್ನು ಯಾರೂ ಹೇಳುವುದಿಲ್ಲ. ಪ್ರೋಗ್ರಾಮಿನ ಚಿತ್ರ ಯಾವಾಗಲೂ ತುಂಬಾ ಖಚಿತವಾಗಿ ಕಾಣುತ್ತದೆ. ಅಂದಾಜಿನ ಮೇಲೆ ಎಳೆದ ಗೆರೆಯೂ ಅಳೆದು ಎಳೆದಂತೆ ಕಾಣುತ್ತದೆ. ಕೈಯಲ್ಲಿ ಬಿಡಿಸಿದ ನಡುಗು ಗೆರೆ 'ಇದು ಸುಮಾರು' ಎಂದು ತಾನೇ ಹೇಳುತ್ತದೆ. ಯಂತ್ರದ ಗೆರೆಗೆ ಆ ಸಂಕೋಚ ಗೊತ್ತಿಲ್ಲ.

ಹಾಗಾದರೆ ಯಾವ ಚಿತ್ರ ಬರೆಯಬೇಕು, ಯಾವುದನ್ನು ಬಿಡಿಸಬೇಕು? ನನ್ನ ಚಿಕ್ಕಮ್ಮ ಹುಬ್ಬಳ್ಳಿಯಲ್ಲಿರುವ ಮಗಳಿಗೆ ಫೋನಿನಲ್ಲಿ ರಂಗೋಲಿ ಹೇಳಿಕೊಡುವುದನ್ನು ಕೇಳಿದ್ದೇನೆ. "ಹದಿನೈದು ಚುಕ್ಕಿ ಇಡು, ಸಂದುಚುಕ್ಕಿ, ಎಂಟಕ್ಕೆ ನಿಲ್ಲಿಸು." ಅಷ್ಟರಲ್ಲಿ ಅವಳಿಗೆ ಇಡೀ ಹಾಸು ಗೊತ್ತಾಯಿತು: ಸಾಲಿಗೊಂದು ಕಡಿಮೆಯಾಗುತ್ತ ಹದಿನೈದು, ಹದಿನಾಲ್ಕು, ಹದಿಮೂರು, ಎರಡು ಕಡೆಯೂ ಎಂಟರವರೆಗೆ. ಅದೇ ಚಿಕ್ಕಮ್ಮ ನವಿಲಿನ ರಂಗೋಲಿ ಹೇಳಬೇಕಾದಾಗ ಒಂದೆರಡು ನಿಮಿಷ ತಡಬಡಿಸಿ, "ಬೇಡ ಬಿಡು, ಫೋಟೊ ಕಳಿಸ್ತೀನಿ" ಎಂದರು. ನಾನು ಇಟ್ಟುಕೊಂಡಿರುವ ಪರೀಕ್ಷೆ ಇದೇ. ಫೋನಿನಲ್ಲಿ ಹೇಳಿ ಬರೆಸಬಹುದಾದ ಚಿತ್ರ ಪಠ್ಯದೊಳಗೆ ಇರಲಿ. ಹೇಳಲಾಗದ್ದು ಕಲಾವಿದರ ಕೈಗೆ ಹೋಗಲಿ. ಅದನ್ನು ಪುಟದಲ್ಲಿ ಅಂಟಿಸಲು ನನಗೆ ಯಾವ ಸಂಕೋಚವೂ ಇಲ್ಲ.

ಕೆರೆ ಪುಸ್ತಕದ ಎರಡನೇ ಮುದ್ರಣಕ್ಕೆ ಹನ್ನೊಂದು ನಕ್ಷೆಗಳನ್ನೂ ಬರೆದೆ. ಮೂರು ವಾರ ಹಿಡಿಯಿತು, ಲೇಖಕರು ಎರಡು ಸಲ ಸಿಟ್ಟಾದರು. ಅಳತೆಯ ಮಾನ ಈಗ ಕಡತದ ತಲೆಯಲ್ಲಿ ಒಂದೇ ಸಾಲಿನಲ್ಲಿದೆ. ಅದನ್ನು ಬದಲಿಸಿದರೆ ಬರಹ, ನಕ್ಷೆ ಎರಡೂ ಒಟ್ಟಿಗೇ ಬದಲಾಗುತ್ತವೆ. ಹನ್ನೆರಡನೆಯ ಚಿತ್ರ ಮಾತ್ರ ಉಳಿಯಿತು. ಲೇಖಕರು ಮೂವತ್ತು ವರ್ಷದ ಹಿಂದೆ ಊರಿನ ನೀರುಗಂಟಿಯೊಬ್ಬರಿಂದ ಬರೆಸಿಕೊಂಡ ತೂಬಿನ ಚಿತ್ರ ಅದು, ರೂಲು ಹಾಕಿದ ಹಾಳೆಯ ಮೇಲೆ ಪೆನ್ಸಿಲಿನಲ್ಲಿದೆ. ಅದರಲ್ಲಿ ಅಡಿ ಇರಬಹುದು, ತಿದ್ದಿಸಬೇಕು ಎಂದು ಭೂತಗನ್ನಡಿ ಹಿಡಿದು ನೋಡಿದೆ. ಅಡಿಯೂ ಇರಲಿಲ್ಲ, ಮೀಟರೂ ಇರಲಿಲ್ಲ. ತೂಬಿನ ಬಾಯಿಯ ಪಕ್ಕದಲ್ಲಿ ಒಂದು ಬಾಣ ಎಳೆದು 'ಮೂರಾಳು ನೀರು' ಎಂದು ಬರೆದಿದ್ದರು. ಹಾಗೇ ಸ್ಕ್ಯಾನ್ ಮಾಡಿ ಹಾಕಿದೆ.